ಶನಿವಾರದ ಚೀಟಿ

ನನ್ನ ಎಡಗಿವಿ ಕೇಳುವುದಿಲ್ಲ. ಅದು ಹುಟ್ಟಿನಿಂದ ಬಂದದ್ದಲ್ಲ, ಜಯತೀರ್ಥ ಮಾಸ್ತರರು ಕೊಟ್ಟದ್ದು. ಶಹಾಬಾದಿನ ಒಂದು ಹೈಸ್ಕೂಲು, ಒಂಬತ್ತನೇ ತರಗತಿ, ತ್ರಿಕೋನಮಿತಿಯ ಮೊದಲ ವಾರ. ಹಲಗೆಯ ಮೇಲೆ ಸೈನ್ ಬರೆಯುವಲ್ಲಿ ನಾನು ಕೊಸೈನ್ ಬರೆದೆ. ಮಾಸ್ತರರ ಬಲಗೈಗೂ ನನ್ನ ಎಡಗಿವಿಗೂ ಎತ್ತರ ಸರಿಯಾಗಿ ಹೊಂದಿತು. ಮೂರು ದಿನ ಕಿವಿಯಿಂದ ನೀರು ಸೋರಿತು, ನಾಲ್ಕನೇ ದಿನ ಕೀವು, ಆಮೇಲೆ ಆ ಕಡೆಯ ಲೋಕ ಮುಗಿಯಿತು.

ನನ್ನ ಅಬ್ಬಾ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಯಲ್ಲಿ ಕೂಲಿ. ನನ್ನನ್ನು ಶಾಲೆಗೆ ಸೇರಿಸಿದ ದಿನ ಮಾಸ್ತರರ ಮುಂದೆ ಕೈಕಟ್ಟಿ ನಿಂತು, ಹಡ್ಡಿ ನಮ್ದು, ಚಮ್ಡಾ ನಿಮ್ದು ಎಂದು ಹೇಳಿ ಬಂದಿದ್ದರು. ನಮ್ಮ ಸೀಮೆಯಲ್ಲಿ ಮಕ್ಕಳನ್ನು ಗುರುವಿಗೆ ಒಪ್ಪಿಸುವ ಮಾತು ಅದು. ಎಲುಬು ಮಾತ್ರ ನಮಗೆ ವಾಪಸ್ ಕೊಡಿ, ಚರ್ಮ ಎಷ್ಟು ಬೇಕಾದರೂ ಸುಲಿಯಿರಿ ಎಂದು ಅರ್ಥ. ಹಿಂದೂಗಳೂ ಹೇಳುತ್ತಿದ್ದರು, ಮುಸಲ್ಮಾನರೂ ಹೇಳುತ್ತಿದ್ದರು, ಈ ಒಂದು ವಿಷಯದಲ್ಲಿ ಊರಲ್ಲಿ ಭಾರೀ ಐಕ್ಯ. ಕಿವಿಯೊಳಗಿನ ಪರದೆ ಎಲುಬಿನ ಪಾಲಿಗೆ ಬರುತ್ತದೋ ಚರ್ಮದ ಪಾಲಿಗೆ ಬರುತ್ತದೋ ಎಂದು ಯಾರೂ ಕೇಳಿಟ್ಟುಕೊಂಡಿರಲಿಲ್ಲ. ಕಲಬುರಗಿಯ ದವಾಖಾನೆಯಲ್ಲಿ ತೋರಿಸಿಕೊಂಡು ತಿರುಗಿ ಬರುವಾಗ ಅಬ್ಬಾ ಬಸ್ಸಿನಲ್ಲೇ ನನ್ನ ಬಲಗೆನ್ನೆಗೂ ಒಂದು ಕೊಟ್ಟರು, ಉತ್ತರ ತಪ್ಪು ಬರೆದದ್ದಕ್ಕೆ. ಮಾಸ್ತರರನ್ನು ಕೇಳಲು ಹೋಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ನಮ್ಮಲ್ಲಿ ಎತ್ತಿಗೇ ಜ್ವರ, ಎತ್ತಿಗೇ ಬರೆ.

ಮಾಸ್ತರರು ಮೂಲತಃ ಮಳಖೇಡದವರು. ಮನೆತನದ್ದು ಗುಡಿಯ ಸೇವೆ, ಮಠದ ಪಾಠ. ಗಿಡ್ಡ ಆಳು, ಒಣಕಲು ಮೈ, ಹಣೆಯ ಮೇಲೆ ಅಂಗಾರ ಅಕ್ಷತೆ. ಮನೆಯಲ್ಲಿ ಚೇಳು ಕಂಡರೂ ಇಕ್ಕಳದಲ್ಲಿ ಹಿಡಿದು ಹಿತ್ತಲಾಚೆ ಬಿಟ್ಟು ಬರುವ ಮನುಷ್ಯ. ತರಗತಿಯ ಬಾಗಿಲು ದಾಟಿದರೆ ಮಾತ್ರ ಬೇರೆ ಅವತಾರ. ಪ್ರತಿ ಶನಿವಾರ ಹತ್ತು ಅಂಕದ ಪರೀಕ್ಷೆ, ಕಳೆದುಕೊಂಡ ಒಂದೊಂದು ಅಂಕಕ್ಕೆ ಹುಣಸೆ ಬರಲಿನ ಒಂದೊಂದು ಏಟು. ಅಂಗೈ ಬಾತರೆ ಕೈ ಮಗುಚಬೇಕು. ಹುಡುಗಿಯರಿಗೂ ವಿನಾಯಿತಿ ಇಲ್ಲ. ಒಮ್ಮೆ ಒಬ್ಬ ಹುಡುಗ ಆರನೇ ಏಟಿಗೆ ಎಚ್ಚರ ತಪ್ಪಿ ಬಿದ್ದ. ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿ, ನೀರು ಕುಡಿಸಿ, ಉಳಿದ ಎರಡನ್ನೂ ಕೊಟ್ಟರು. ಬಾಕಿ ಉಳಿಸುವುದು ಅನ್ಯಾಯ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಸಿಟ್ಟಿನಿಂದ ಹೊಡೆದವರೇ ಅಲ್ಲ ಅವರು. ಸಿಟ್ಟು ಬಂದು ಹೊಡೆದಿದ್ದರೆ ನಾವು ಅವರನ್ನು ಬೈದುಕೊಂಡಾದರೂ ಬದುಕುತ್ತಿದ್ದೆವು.

ಆದರೆ ಫಲಿತಾಂಶ ನೂರಕ್ಕೆ ನೂರು. ಅವರ ಕೈಯಲ್ಲಿ ತಿಂದವರು ಸೇಡಂ, ಚಿತ್ತಾಪುರ, ಚಿಂಚೋಳಿ ತುಂಬ ಇಂಜಿನಿಯರು, ಬ್ಯಾಂಕಿನ ಮ್ಯಾನೇಜರು, ಮಾಸ್ತರು ಆಗಿದ್ದಾರೆ. ಮದುವೆ ಮನೆಯಲ್ಲಿ ಇಬ್ಬರು ಸೇರಿದರೆ ಅಂಗೈ ಚಾಚಿ, ನಿನಗೆಷ್ಟು ನನಗೆಷ್ಟು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಾನೂ ಹೇಳಿಕೊಂಡಿದ್ದೇನೆ, ಕಿವಿಯನ್ನೇ ಪದಕದ ಹಾಗೆ ತೋರಿಸಿದ್ದೇನೆ.

ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ ನಾನು ವಾಡಿಯಲ್ಲಿ, ಸ್ಟೇಷನ್ನಿನ ಹತ್ತಿರ, ಒಂದು ಟ್ಯೂಷನ್ ಕೋಣೆ ತೆರೆದೆ. ಕೆಲವು ವರ್ಷಗಳ ಹಿಂದೆ ಹೈದರಾಬಾದಿನ ಒಂದು ಕಂಪನಿಯವರು ಫೋನ್ ಮಾಡಿದರು. ದೊಡ್ಡ ಊರುಗಳ ಇಂಟರ್‌ನ್ಯಾಷನಲ್ ಶಾಲೆಗಳಲ್ಲಿ, ಪಿಯುಸಿಯ ಬದಲಿಗೆ, ಎರಡು ವರ್ಷದ ಒಂದು ಡಿಪ್ಲೊಮಾ ಇದೆ. ಜಗತ್ತಿನ ಯಾವ ವಿಶ್ವವಿದ್ಯಾಲಯವಾದರೂ ಅದನ್ನು ಒಪ್ಪುತ್ತದೆ. ಆರು ವಿಷಯ, ಒಂದು ಉದ್ದನೆಯ ಪ್ರಬಂಧ, ಅದರ ಮೇಲೆ ಗಣಿತಕ್ಕೆ ಹದಿನೈದು ಇಪ್ಪತ್ತು ಪುಟದ ಒಂದು ಪ್ರಾಜೆಕ್ಟು. ಪ್ರಾಜೆಕ್ಟಿನ ವಿಷಯ ಹುಡುಗರೇ ಆರಿಸಬೇಕು, ತಮ್ಮ ಬದುಕಿಗೆ ಹತ್ತಿರದ್ದಾಗಿರಬೇಕು. ಕಲಿಸುವವನು ಉತ್ತರ ಹೇಳಕೂಡದು, ಪ್ರಶ್ನೆ ಮಾತ್ರ ಕೇಳಬೇಕು. ರಜೆಗೆ ನಿಮ್ಮ ಕಡೆಯ ಊರುಗಳಿಗೆ ಬರುವ ಇಂಥ ಮಕ್ಕಳ ಬೆನ್ನಿಗೆ ನಿಂತು ಕಲಿಸುವವರು ಬೇಕು ಎಂದರು. ಕ್ಯಾಲ್ಕುಲಸ್ ನನಗೆ ಬರುತ್ತದೆ, ಆದರೆ ಜಯತೀರ್ಥ ಮಾಸ್ತರರಿಗೆ ಬರುವ ಹಾಗೆ ನಮ್ಮ ಜಿಲ್ಲೆಯಲ್ಲಿ ಯಾರಿಗೂ ಬರುವುದಿಲ್ಲ. ಅವರು ರಿಟೈರಾಗಿ, ಹೆಂಡತಿ ತೀರಿಹೋಗಿ, ವಾಡಿಯಲ್ಲೇ ಒಬ್ಬರೇ ಇದ್ದರು. ಹೋಗಿ ಕರೆತಂದೆ. ಕಿವಿ ಕೆಡಿಸಿದವನನ್ನೇ ಕರೆದೆಯಾ ಎಂದು ನನ್ನ ಹೆಂಡತಿ ಇಮಾಮ್ಬೀ ಕೇಳಿದಳು. ಪಾಠ ಚೆನ್ನಾಗಿ ಹೇಳುತ್ತಾರೆ ಎಂದೆ. ಅದು ನಿಜವಾದ ಉತ್ತರವಲ್ಲ ಎಂದು ಅವಳಿಗೂ ಗೊತ್ತಿತ್ತು. ಅವರು ನನ್ನ ಕೈಕೆಳಗೆ ಕೆಲಸ ಮಾಡಲಿ ಎಂಬ ಆಸೆ ನನಗಿತ್ತು.

ಕಂಪನಿಯವರು ಮೊದಲ ದಿನವೇ ಕಟ್ಟಪ್ಪಣೆ ಮಾಡಿದರು. ಕೈ ಎತ್ತಬಾರದು, ದನಿ ಎತ್ತಬಾರದು. ಮಾಸ್ತರರು ಒಂದು ತಿಂಗಳು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತು ಪಾಠ ಮಾಡಿದರು, ತಮಾಷೆಗಲ್ಲ. ಹೊಡೆಯದೆ ಕಲಿಸುವುದು ಹೇಗೆಂದು ನನ್ನನ್ನೇ ಕೇಳಿದರು. ಆಮೇಲೆ ತಾವೇ ದಾರಿ ಕಂಡುಕೊಂಡರು. ಶನಿವಾರದ ಹತ್ತು ಅಂಕದ ಪರೀಕ್ಷೆ ಹಾಗೇ ಇರಲಿ, ಏಟು ಬೇಡ. ಅಂಕವನ್ನು ಒಂದು ಚೀಟಿಯಲ್ಲಿ ಬರೆದು ತಂದೆಗೆ ಕಳಿಸುವುದು, ತಂದೆ ‘ನೋಡಿದ್ದೇನೆ’ ಎಂದು ಸಹಿ ಹಾಕಿ ವಾಪಸ್ ಕಳಿಸುವುದು. ಅಷ್ಟೇ. ಅಂಕದ ವಿಷಯದಲ್ಲಿ ಅವರು ಕಡು ಜಿಪುಣರು. ಉತ್ತರ ಸರಿಯಿದ್ದು ನಡುವೆ ಒಂದು ಹೆಜ್ಜೆ ಬಿಟ್ಟರೆ ಅರ್ಧ ಅಂಕ ಹೋಯಿತು. ಎಪ್ಪತ್ತು ದಾಟಿದ ಮೇಲೆ ಕೈ ಮುಟ್ಟದೆ ಕಲಿಸಲು ಕಲಿತೆನೆಂದು ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದರು. ಕಾಶಿಗೆ ಹೋಗಿ ಏನೋ ಬಿಟ್ಟು ಬಂದವರ ಮುಖ ಆಗಿರುತ್ತಿತ್ತು ಅವರದು.

ಎರಡು ಸಾವಿರದ ಇಪ್ಪತ್ಮೂರರ ಜೂನ್‌ನಲ್ಲಿ ಪವಮಾನ ಬಂದ. ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ ಇಟ್ಟವನು, ಶಾಲೆಯಲ್ಲಿ ನನಗಿಂತ ಎರಡು ವರ್ಷ ಮುಂದಿದ್ದವನು. ಮಗಳು ಪ್ರಮಿತಾ ಹೈದರಾಬಾದಿನ ಹೊರಗೆ ಹಾಸ್ಟೆಲ್ಲಿನಲ್ಲಿದ್ದು ಅದೇ ಡಿಪ್ಲೊಮಾ ಓದುತ್ತಿದ್ದಳು, ಎರಡನೇ ವರ್ಷ. ಕಾಮಾಲೆಯಾಗಿ ಮನೆಗೆ ಬಂದಿದ್ದಳು. ಡಿಸೆಂಬರ್‌ವರೆಗೆ ಮನೆಯಿಂದಲೇ ಓದಲು ಶಾಲೆ ಒಪ್ಪಿತ್ತು. ಮೇ ತಿಂಗಳಲ್ಲಿ ಪರೀಕ್ಷೆ. ಮಾಸ್ತರರು ವಾರಕ್ಕೆ ಮೂರು ದಿನ ಮನೆಗೇ ಬಂದು ಗಣಿತ ಹೇಳಬೇಕು ಎಂದು ಪವಮಾನನ ಬೇಡಿಕೆ. ಅವನು ಮಾಸ್ತರರ ಕಾಲುಮುಟ್ಟಿ ನಮಸ್ಕರಿಸಿ, ನೀವು ನನ್ನ ಚರ್ಮ ಸುಲಿದದ್ದಕ್ಕೇ ನಾನು ಮನುಷ್ಯನಾದೆ, ಈಕೆಯದೂ ಚರ್ಮ ನಿಮ್ಮದು, ಎಲುಬು ನನ್ನದು ಎಂದ. ಮಾಸ್ತರರು ನಕ್ಕು, ಆ ಕಾಲ ಹೋಯಿತಪ್ಪಾ, ಈಗ ಬರೀ ಚೀಟಿ ಎಂದರು. ಅವನೂ ನಕ್ಕ. ಚೀಟಿ ಸಾಕು ಸರ್ ಎಂದ.

ಪ್ರಮಿತಾ ಹದಿನೇಳರ ಹುಡುಗಿ. ಸೆಕೆಯಲ್ಲೂ ತೋಳು ತುಂಬ ಅಂಗಿ ಹಾಕುತ್ತಿದ್ದಳು. ಕಾಮಾಲೆಯ ಮೈ, ಚಳಿ ಇರಬೇಕು ಎಂದುಕೊಂಡೆವು. ಕಂಪ್ಯೂಟರಿನ ಕೆಲಸ ಮಾಸ್ತರರಿಗೆ ಬಾರದ್ದರಿಂದ ವಾರಕ್ಕೊಮ್ಮೆ ನಾನೂ ಹೋಗುತ್ತಿದ್ದೆ. ಅವಳ ತಾಯಿ ವಂದನಾ ಚಹಾ ತಂದಿಟ್ಟು ಮಾತಿಲ್ಲದೆ ಒಳಗೆ ಹೋಗಿಬಿಡುತ್ತಿದ್ದರು.

ಅಕ್ಟೋಬರ್ ಕೊನೆಗೆ ಪ್ರಾಜೆಕ್ಟಿನ ಮಾತು ಬಂತು. ಹುಡುಗಿ ತಾರೀಖುಗಳ ಒಂದು ಪಟ್ಟಿ ತೆಗೆದಿಟ್ಟಳು. ಜೂನ್ ಕೊನೆಯಿಂದ ಅಲ್ಲಿಯವರೆಗೆ ಹದಿನೇಳು ತಾರೀಖು, ಒಂದೊಂದರ ಮುಂದೆಯೂ ‘ಎಕ್ಸ್’ ಎಂದು ಗುರುತು. ಈ ಎಕ್ಸ್ ಅನ್ನುವುದು ತಾನಾಗಿ, ಹೊತ್ತುಗೊತ್ತಿಲ್ಲದೆ ನಡೆಯುವ ಘಟನೆಯೋ ಅಲ್ಲವೋ, ಗಣಿತದಿಂದ ನೋಡಬೇಕು ಎಂದಳು. ಮಾಸ್ತರರಿಗೆ ಸ್ವರ್ಗ ಸಿಕ್ಕಿತು. ಎಕ್ಸ್ ಎಂದರೇನು ಎಂದು ಕೇಳಲಿಲ್ಲ. ಗಣಿತದವನಿಗೆ ಎಕ್ಸ್‌ಗೆ ಹೆಸರು ಬೇಕಿಲ್ಲ. ಕರೆಂಟು ಹೋದ ದಿನಗಳಿರಬೇಕೆಂದು ನಾನು ನನ್ನಷ್ಟಕ್ಕೆ ಅಂದುಕೊಂಡೆ.

ರಸ್ತೆಯಲ್ಲಿ ಲಾರಿಗಳು ಹೇಗೆ ಬರುತ್ತವೆ ನೋಡು ಎಂದು ಮಾಸ್ತರರು ಶುರು ಮಾಡಿದರು. ಯಾವುದು ಯಾವಾಗ ಬರುತ್ತದೆಂದು ಹೇಳಲಾಗದು, ಆದರೂ ಒಟ್ಟು ಲಾರಿಗಳು ಒಂದು ನಿಯಮ ಪಾಲಿಸುತ್ತವೆ. ನಿನ್ನ ಎಕ್ಸ್ ಆ ನಿಯಮ ಪಾಲಿಸಿದರೆ ಅದು ತಾನಾಗಿ ಆಗುವಂಥದ್ದು. ಪಾಲಿಸದಿದ್ದರೆ ಅದನ್ನು ಯಾರೋ ಮಾಡಿಸುತ್ತಿದ್ದಾರೆ. ಎರಡು ವಾರ ಅವರಿಬ್ಬರೂ ಕಾಗದದ ಮೇಲೆ, ನಾನು ಕಂಪ್ಯೂಟರಿನ ಮೇಲೆ, ಲೆಕ್ಕ ಹಾಕಿದೆವು. ಹೊಂದಲೇ ಇಲ್ಲ.

ನವೆಂಬರಿನ ಒಂದು ಬುಧವಾರ ಮಾಸ್ತರರು ಖುಷಿಯಲ್ಲಿ ಟೇಬಲ್ ಕುಟ್ಟಿದರು. ವಾರದ ದಿನಗಳ ಪ್ರಕಾರ ಹಂಚಿ ನೋಡು ಎಂದು ಅವಳಿಗೆ ಹೇಳಿದರು. ಅವಳು ಹಂಚಿದಳು. ಹದಿನೇಳರಲ್ಲಿ ಹನ್ನೆರಡು ಶನಿವಾರ, ಮೂರು ಭಾನುವಾರ, ಎರಡು ಮಾತ್ರ ಬೇರೆ ದಿನ.

“ಇದು ತಾನಾಗೇ ಆಗೂದಲ್ಲವಾ. ಶನಿವಾರ ಏನೋ ಆಗ್ತದ, ಅದರ ಹಿಂದೇ ಎಕ್ಸ್ ಬರ್ತದ,” ಎಂದರು ಮಾಸ್ತರರು. “ಏನಾಗ್ತದ ಶನಿವಾರ? ಹುಡಕು.”

ಹುಡುಗಿ ಅವರನ್ನೇ ನೋಡಿದಳು. ಅವಳು ಮೊದಲ ದಿನದಿಂದ ಕಾಯುತ್ತಿದ್ದದ್ದು ಈ ಪ್ರಶ್ನೆಗೇ ಎಂದು ನನಗೆ ಆಮೇಲೆ ತಿಳಿಯಿತು. ಉತ್ತರ ಹೇಳಬಾರದು, ಎದುರಿನವರೇ ಕಂಡುಕೊಳ್ಳಬೇಕು ಎಂದು ಅವರೇ ತಾನೇ ಅವಳಿಗೆ ಕಲಿಸಿದ್ದು.

“ಶನಿವಾರ ನಿಮ್ಮ ಚೀಟಿ ಬರ್ತದರಿ ಸರ್,” ಎಂದಳು.

ಅಂಗಿಯ ತೋಳು ಮೇಲೆ ಸರಿಸಿದಳು. ಮೊಣಕೈಯಿಂದ ಭುಜದವರೆಗೆ ಪಟ್ಟಿ ಪಟ್ಟಿಯಾಗಿ ನೀಲಿ, ಹಳದಿ, ಕಪ್ಪು. ಹಳೆಯದರ ಮೇಲೆ ಹೊಸದು. ಪಾಲಿಶ್ ಯಂತ್ರದ ಹರಿದ ಬೆಲ್ಟು ಎಂದಳು. ಹತ್ತಕ್ಕೆ ಆರು ಬಂದರೆ ನಾಲ್ಕು, ಏಳು ಬಂದರೆ ಮೂರು. ತಂದೆ ತಡವಾಗಿ ಬಂದ ಶನಿವಾರಗಳದ್ದು ಭಾನುವಾರಕ್ಕೆ ಹೋಗುತ್ತದೆ. ಹತ್ತಕ್ಕೆ ಹತ್ತು ಬಂದ ಶನಿವಾರಗಳಲ್ಲಿ ಎಕ್ಸ್ ಇಲ್ಲ. ಇದನ್ನೆಲ್ಲ ಅವಳು ವರದಿ ಓದಿದ ಹಾಗೆ ಹೇಳಿದಳು. ಕೊನೆಗೆ ಒಂದು ಮಾತು ಸೇರಿಸಿದಳು.

“ನೀವು ಅರ್ಧ ಅಂಕ ಕಡೀತೀರಲ್ರಿ ಸರ್, ಅರ್ಧಕ್ಕ ಅಪ್ಪ ಒಂದು ಪೂರ್ತಿ ಹಿಡೀತಾರ್ರಿ.”

ಅಂಕಕ್ಕೆ ಒಂದು ಏಟು ಎಂಬ ದರವನ್ನು ಪವಮಾನ ಎಲ್ಲಿ ಕಲಿತನೆಂದು ಆ ಕೋಣೆಯಲ್ಲಿ ಯಾರೂ ಹೇಳಬೇಕಾಗಿರಲಿಲ್ಲ. ನನಗೆ ಒಂದು ಕೆಟ್ಟ ತೃಪ್ತಿಯಾಯಿತು, ಮಾಡಿದ್ದುಣ್ಣೋ ಮಹರಾಯ ಎಂದು. ಅದೇ ಕ್ಷಣ ಹುಡುಗಿಯ ತೋಳು ಕಂಡು ನನಗೇ ಹೇಸಿಗೆಯಾಯಿತು.

ಪೊಲೀಸರಿಗೆ ಹೇಳೋಣ ಎಂದೆ. ಹುಡುಗಿ ಕೈಮುಗಿದಳು. ಪೊಲೀಸರು ಬಂದರೆ ಅಪ್ಪ ಶಾಲೆ ಬಿಡಿಸುತ್ತಾರೆ, ಡಿಪ್ಲೊಮಾ ಹೋಗುತ್ತದೆ, ಆಮೇಲೆ ತಾನು ಇದೇ ಮನೆಯಲ್ಲಿ ಉಳಿಯುತ್ತೇನೆ. ಡಿಸೆಂಬರ್ ಮುಗಿದರೆ ಹಾಸ್ಟೆಲ್, ಮೇಯಲ್ಲಿ ಪರೀಕ್ಷೆ, ಅಲ್ಲಿಂದ ಆಚೆ ತಾನು ಸಿಗುವುದಿಲ್ಲ. ಉಳಿದದ್ದು ಏಳು ಶನಿವಾರ. ಏಳು ಶನಿವಾರ ದಾಟಿಸಿರಿ ಎಂದು ಬೇಡಿಕೊಂಡಳು. ಪವಮಾನನ ಜೊತೆ ತಾನು ಮಾತಾಡುತ್ತೇನೆ ಎಂದು ಮಾಸ್ತರರು ಎದ್ದರು. ಅವಳು ಅದನ್ನೂ ಬೇಡವೆಂದಳು. ಚೀಟಿ ನಿಲ್ಲಿಸಿದರೆ ಅವನಿಗೆ ಸಂಶಯ ಬರುತ್ತದೆ. ಹಾಗಾದರೆ ಉಳಿದದ್ದು ಒಂದೇ ದಾರಿ, ಚೀಟಿಯಲ್ಲಿ ಹತ್ತಕ್ಕೆ ಹತ್ತು ಬರೆಯುವುದು.

ಮಾಸ್ತರರು ನಲವತ್ತು ವರ್ಷದಲ್ಲಿ ಯಾರಿಗೂ ಕಾಲು ಅಂಕ ಪುಕ್ಕಟೆ ಕೊಟ್ಟವರಲ್ಲ. ಸ್ವಂತ ತಮ್ಮನ ಮಗನನ್ನು ಎರಡು ಅಂಕಕ್ಕೆ ಫೇಲು ಮಾಡಿ ತಮ್ಮನ ಮನೆಯ ಊಟ ಕಳೆದುಕೊಂಡವರು. ಬರೆಯುತ್ತೇನೆ ಎಂದರು.

ಆ ಶನಿವಾರ ಹುಡುಗಿಗೆ ನಿಜಕ್ಕೂ ಬಂದದ್ದು ಆರು. ಹೆದರಿಕೆಯಲ್ಲಿ ಬರೆದದ್ದು ಅಷ್ಟೇ. ಮಾಸ್ತರರು ಚೀಟಿಯಲ್ಲಿ ಹತ್ತು ಎಂದು ಬರೆದರು. ಮುಂಚೆ ಚೀಟಿಯನ್ನು ಉತ್ತರ ಪತ್ರಿಕೆಗೆ ಟಾಚಣಿ ಚುಚ್ಚಿ ಇಡುವುದು ರೂಢಿ. ಅವತ್ತು ಚೀಟಿ ಮಾತ್ರ ಮೇಜಿನ ಮೇಲೆ ಇಟ್ಟು, ಪತ್ರಿಕೆಯನ್ನು ಹುಡುಗಿಯ ಫೈಲಿನೊಳಗೆ ಸೇರಿಸಿ ಬಂದರು. ಪತ್ರಿಕೆಯ ಮೇಲೆ ತಪ್ಪು ಉತ್ತರಗಳಿಗೆ ಕೆಂಪು ಶಾಯಿಯಲ್ಲಿ ಗೀಟು ಹಾಗೇ ಇತ್ತು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ವಂದನಾ ನನಗೆ ಫೋನ್ ಮಾಡಿದರು. ಅವರ ದನಿಯನ್ನು ನಾನು ಸರಿಯಾಗಿ ಕೇಳಿದ್ದು ಅದೇ ಮೊದಲು. “ಫೈಲಿನಾಗಿನ ಪೇಪರ್ ಅವರ ಕೈಗೆ ಸಿಕ್ಕದ, ಲಗೂನ ಬರ್ರಿ, ಸಾಯಸ್ತಾರ,” ಎಂದು ಫೋನ್ ಇಟ್ಟರು. ಮಾಸ್ತರರು ಸಂಧ್ಯಾವಂದನೆ ಮುಗಿಸಿ ಕೂತಿದ್ದರು. ಹಾಗೇ ಬೈಕಿನ ಹಿಂದೆ ಹತ್ತಿದರು, ಮೈಮೇಲೆ ಪಂಚೆ ಮತ್ತು ಉತ್ತರೀಯ ಮಾತ್ರ. ಚೀಟಿಯ ಜೊತೆ ಪತ್ರಿಕೆಗೂ ಯಾಕೆ ರೈಟು ಹಾಕಲಿಲ್ಲ ಎಂದು ನಾನು ಹಾದಿಯುದ್ದಕ್ಕೂ ಬೈದೆ, ಗುರು ಎಂಬುದನ್ನೂ ಮರೆತು ಬೈದೆ.

“ತಪ್ಪು ಉತ್ತರಕ್ಕ ರೈಟ್ ಹಾಕ್ಲಿಕ್ಕೆ ಕೈ ಬರಲಿಲ್ಲೋ ಮೆಹತಾಬ್,” ಎಂದರು.

ಪವಮಾನನ ಹಿತ್ತಲಿನಲ್ಲಿ ಹಾಸುಗಲ್ಲಿನ ಮೇಲೆ ಹುಡುಗಿ ಗೋಡೆಗೊರಗಿ ಕೂತಿದ್ದಳು. ತುಟಿ ಒಡೆದು ಗದ್ದದವರೆಗೆ ರಕ್ತ. ಬಲ ಮಣಿಕಟ್ಟು ಇರಬಾರದ ಕಡೆಗೆ ತಿರುಗಿತ್ತು. ಮುಖಕ್ಕೆ ಬೀಳುವುದನ್ನು ತಡೆಯಲು ಅಡ್ಡ ಹಿಡಿದ ಕೈ ಅದು. ಹರಿದ ಉತ್ತರ ಪತ್ರಿಕೆ ಕಲ್ಲಿನ ಮೇಲೆ ಬಿದ್ದಿತ್ತು. ಪವಮಾನ ಬನಿಯನ್ನಿನಲ್ಲಿ ಬೆವತು ನಿಂತಿದ್ದ, ಕೈಯಲ್ಲಿ ಬೆಲ್ಟು. ಮಾಸ್ತರರನ್ನು ಕಂಡವನೇ ಬೆಲ್ಟನ್ನು ಎಡಗೈಗೆ ಬದಲಿಸಿ, ಬಗ್ಗಿ, ಬಲಗೈಯಿಂದ ಅವರ ಕಾಲುಮುಟ್ಟಿದ.

ಮಗಳು ಚೀಟಿ ತಿದ್ದಿದ್ದಾಳೆ, ಗುರುಗಳಿಗೇ ಮೋಸ ಮಾಡಿದ್ದಾಳೆ ಎಂದು ಅವನು ಏದುಸಿರಿನಲ್ಲಿ ಹೇಳಿದ. ತಾನೇ ಬರೆದದ್ದು ಎಂದು ಮಾಸ್ತರರು ಮೂರು ಸಲ ಹೇಳಿದರು. ಅವನು ನಂಬಲಿಲ್ಲ.

“ನೀವು ಸುಳ್ಳು ಬರಿಯೋರಲ್ರಿ ಸರ್. ಈಕಿನ್ನ ಉಳಸ್ಲಿಕ್ಕೆ ಹೇಳಾಕತ್ತೀರಿ,” ಎಂದು ಮತ್ತೆ ಬೆಲ್ಟು ಎತ್ತಿದ.

ಮಾಸ್ತರರು ಅಡ್ಡ ಹೋದರು. ಬೆಲ್ಟು ಅವರ ಬರಿಯ ಭುಜದ ಮೇಲೆ ಬಿತ್ತು, ಒದ್ದೆ ಬಟ್ಟೆ ಕಲ್ಲಿಗೆ ಬಡಿದ ಸದ್ದಾಯಿತು. ಪವಮಾನ ಬೆಚ್ಚಿ ನಿಂತ. ಮಾಸ್ತರರು ಎರಡೂ ಅಂಗೈಗಳನ್ನು ಅವನ ಮುಂದೆ ಚಾಚಿದರು.

“ನಾಕು ಅಂಕ ಸುಳ್ಳು ಬರದೀನಿ. ನಾಕು ಹೊಡಿ. ಹೊಡದು ಬೆಲ್ಟು ನನ್ನ ಕೈಯಾಗ ಕೊಡು.”

ಅವನು ಬೆಲ್ಟು ಬಿಸುಟು ಅಳುತ್ತಾನೆ ಎಂದು ಮಾಸ್ತರರು ಎಣಿಸಿದ್ದರು. ನಾನೂ ಹಾಗೇ ಎಣಿಸಿದ್ದೆ. ಅವನು ಹೊಡೆದ. ಮೊದಲನೆಯದು ಅಂಜುತ್ತ, ಎರಡನೆಯದು ಸರಿಯಾಗಿ. ಮೂರನೆಯದಕ್ಕೆ ಮಾಸ್ತರರ ಮೊಣಕಾಲು ಬಗ್ಗಿತು. ನಾಲ್ಕಾಯಿತು. ಐದೂ ಆಯಿತು. ಅವನ ಮುಖ ನಲವತ್ತು ದಾಟಿದವನ ಮುಖವಾಗಿರಲಿಲ್ಲ, ಹತ್ತನೇ ತರಗತಿಯ ಹುಡುಗನ ಮುಖವಾಗಿತ್ತು. ಬಾಯಲ್ಲಿ ಎಣಿಸುತ್ತಿದ್ದ. ಕೈ ಬಿಟ್ಟು ತೋಳಿಗೆ ಬಂದ, ತೋಳು ಬಿಟ್ಟು ತಲೆಗೆ. ಜನಿವಾರ ಹರಿಯಿತು. ಬೆರಳಿನ ಮೂಳೆ ಮುರಿದದ್ದು ನನ್ನ ಒಂದೇ ಕಿವಿಗೂ ಕೇಳಿತು.

ನಾನು ನಾಲ್ಕು ಮಾರು ದೂರದಲ್ಲಿ ನಿಂತಿದ್ದೆ. ಪವಮಾನನಿಗಿಂತ ಗಟ್ಟಿ ಆಳು ನಾನು, ಒಂದು ಹೆಜ್ಜೆ ಇಟ್ಟಿದ್ದರೆ ಐದನೆಯದು ಬೀಳುತ್ತಿರಲಿಲ್ಲ. ಇಡಲಿಲ್ಲ. ಹೆದರಿಕೆಯಿಂದಲ್ಲ. ಬೀಳಲಿ ಎಂದು ಅನ್ನಿಸಿತು, ಅದಕ್ಕೇ ನಿಂತೆ. ಇದನ್ನು ಬರೆಯದೆ ಬಿಟ್ಟರೆ ಮಾಸ್ತರರ ಕಥೆ ಬರೆಯುವ ಹಕ್ಕು ನನಗಿಲ್ಲ.

ನಿಲ್ಲಿಸಿದವರು ವಂದನಾ. ಒಳಗಿನಿಂದ ಬಂದು ನೀರು ತುಂಬಿದ ತಾಮ್ರದ ತಂಬಿಗೆಯನ್ನು ಗಂಡನ ಹಣೆಗೆ ಬೀಸಿ ಹೊಡೆದರು. ಅವನು ಕುಸಿದು ಕೂತ. ಆಗ ನನಗೆ ಕಾಲು ಬಂತು. ಬಿದ್ದವನ ಎದೆಯ ಮೇಲೆ ಕೂತು ಮುಖಕ್ಕೆ ಗುದ್ದಿದೆ, ಹಲ್ಲು ನನ್ನ ಗೆಣ್ಣಿಗೆ ಚುಚ್ಚಿತು, ಆದರೂ ಗುದ್ದಿದೆ. ಅವನು ಕೈ ಎತ್ತುವುದನ್ನು ನಿಲ್ಲಿಸಿ ಎಷ್ಟು ಹೊತ್ತಾಗಿತ್ತೋ ಗೊತ್ತಿಲ್ಲ. ಗೋಡೆಗೊರಗಿದ್ದ ಹುಡುಗಿ ಮೆಲ್ಲಗೆ ಕೇಳಿದಳು.

“ಕಾಕಾ, ನೀವೂ ಏನ್ರಿ?”

ನನ್ನ ಕೈ ಅಲ್ಲೇ ನಿಂತಿತು.

ಕಲಬುರಗಿಯ ದವಾಖಾನೆಯಲ್ಲಿ ಗುರು ಶಿಷ್ಯೆ ಇಬ್ಬರಿಗೂ ಒಂದೇ ದಿನ ಪ್ಲಾಸ್ಟರು. ಈ ಸಲ ಹುಡುಗಿ ಬೇಡವೆನ್ನಲಿಲ್ಲ, ಎಡಗೈಯಲ್ಲಿ ಸಹಿ ಹಾಕಿ ದೂರು ಕೊಟ್ಟಳು. ಮಾಸ್ತರರು ಪೊಲೀಸ್ ಸ್ಟೇಷನ್ನಿಗೆ ಹೋಗಿ, ಮೊದಲನೇ ಆರೋಪಿ ಎಂದು ತಮ್ಮ ಹೆಸರು ಬರೆದುಕೊಳ್ಳಬೇಕೆಂದು ಹಟ ಹಿಡಿದರು. ಚೀಟಿ ಬರೆಯುವುದಕ್ಕೆ ಕಾನೂನಿನಲ್ಲಿ ಕಲಮಿಲ್ಲ ಅಜ್ಜಾವ್ರೆ ಎಂದು ಸಾಹೇಬರು ನಕ್ಕು ಕಳಿಸಿದರು. ವಂದನಾ ಒಡವೆ ಮಾರಿ ಮಗಳ ಜೊತೆ ಹೈದರಾಬಾದಿಗೆ ಹೋಗಿ ಒಂದು ಕೋಣೆ ಹಿಡಿದರು. ಶಾಲೆಯವರು ಉಳಿದ ಫೀಸು ಬಿಟ್ಟುಕೊಟ್ಟರು. ಪವಮಾನ ಜಾಮೀನಿನ ಮೇಲೆ ಬಂದು ಕಾರ್ಖಾನೆಯಲ್ಲಿ ಕೂರುತ್ತಾನೆ. ಯಾರೂ ಅವನನ್ನು ಕೇಡಿ ಎನ್ನುವುದಿಲ್ಲ. ಮಗಳಿಗೆ ಶಿಸ್ತು ಕಲಿಸಲು ಹೋಗಿ ಸಿಕ್ಕಿಬಿದ್ದ ಎನ್ನುತ್ತಾರೆ. ಪ್ರಮಿತಾ ಆ ಪ್ರಾಜೆಕ್ಟನ್ನೇ ಮುಗಿಸಿ ಕೊಟ್ಟಳು, ಎಕ್ಸ್ ಏನೆಂದು ಬರೆದೇ ಕೊಟ್ಟಳು. ಮುಂದಿನ ಜುಲೈನಲ್ಲಿ ಡಿಪ್ಲೊಮಾ ಬಂತು.

ಮಾಸ್ತರರ ಎರಡು ಬೆರಳು ನೆಟ್ಟಗಾಗಲಿಲ್ಲ. ಸೀಮೆಸುಣ್ಣ ಹಿಡಿಯಲು ಬರುವುದಿಲ್ಲ. ಅವರು ಬೇರೆ ಕೆಲಸ ಹಿಡಿದರು. ತಾವು ಹೊಡೆದ ಹುಡುಗರ ಹೆಸರುಗಳನ್ನು ನೆನಪಿನಿಂದ ಬರೆಸಿ, ಒಬ್ಬೊಬ್ಬರ ಮನೆಗೂ ಹೋಗತೊಡಗಿದರು. ಸೇಡಂ, ಚಿತ್ತಾಪುರ, ಸನ್ನತಿ, ಚಿಂಚೋಳಿಯ ಆಚೆಯ ಹಳ್ಳಿಗಳು. ಬೈಕ್ ನನ್ನದು. ಹೋದಲ್ಲೆಲ್ಲ ಶಾಲು, ಹಾರ, ತಿನ್ನಲು ಚೂಡಾ, ಚಹಾ. ಅವರು ಹಾರ ಪಕ್ಕಕ್ಕಿಟ್ಟು ಒಂದೇ ಮಾತು ಹೇಳುತ್ತಿದ್ದರು.

“ನಾ ಹೊಡದದ್ದಕ್ಕ ನೀ ಶ್ಯಾಣ್ಯಾ ಆಗಿಲ್ಲಪಾ. ನೀ ಮೊದ್ಲೇ ಶ್ಯಾಣ್ಯಾ ಇದ್ದಿ.”

ಆಮೇಲೆ, ನಿನ್ನ ಮಕ್ಕಳಿಗೆ ಹೊಡೆಯುತ್ತೀಯಾ ಎಂದು ಕೇಳುತ್ತಿದ್ದರು. ಕೆಲವರು ನಕ್ಕು, ಒಂದೆರಡು ಸರ್, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎನ್ನುವರು. ಕೆಲವರು ಅತ್ತರು. ಚಿಮ್ಮನಚೋಡದ ಅಜಯಕುಮಾರ, ಶಾಲೆಯಲ್ಲಿ ಆರನೇ ಏಟಿಗೆ ಬಿದ್ದವನು, ಮಾತು ಮುಗಿಯುವ ಮುಂಚೆಯೇ ಅವರನ್ನು ಕಟ್ಟೆಯಿಂದ ಕೆಳಗೆ ನೂಕಿದ. ಮೊಣಕಾಲಿನ ಮಣ್ಣು ಒರೆಸಿಕೊಂಡು ಎದ್ದು, ಅವನು ಮಾಡಿದ್ದು ನ್ಯಾಯವೇ ಎಂದು ಮಾಸ್ತರರು ನನಗೆ ಹೇಳಿದರು. ತಂದೆಯರ ಉತ್ತರ ನೆಚ್ಚುವ ಹಾಗಿಲ್ಲ ಎಂದು ತಿಳಿದ ಮೇಲೆ ಅವರು ಮಕ್ಕಳನ್ನೇ ಕೇಳತೊಡಗಿದರು. ನಾನು ಬಾಗಿಲಲ್ಲಿ ನಿಂತು ಆ ತಂದೆಯರ ಮುಖ ಬಣ್ಣಗೆಡುವುದನ್ನು ನೋಡುತ್ತಿದ್ದೆ. ನಾನು ಒಳ್ಳೆಯ ಕೆಲಸದಲ್ಲಿದ್ದೇನೆ ಎಂಬ ಜಂಬ ನನಗೆ ಬಂದಿತ್ತು.

ಹೋದ ತಿಂಗಳು ಒಂದು ಸಂಜೆ ಅವರು ನಮ್ಮ ಮನೆಗೆ ನಡೆದುಕೊಂಡೇ ಬಂದರು. ಯಾವ ಊರಿಗೆ ಹೋಗೋಣ ಸರ್ ಎಂದೆ. ಇವತ್ತು ಊರಿಗಲ್ಲ ಎಂದರು. ಇಮಾಮ್ಬೀ ಚಹಾ ಇಟ್ಟು, ಒಳಗೆ ಹೋಗದೆ, ಬಾಗಿಲಿಗೆ ಆತು ನಿಂತಳು. ಮಾಸ್ತರರು ನನ್ನ ಎಡಗಡೆಯಿಂದ ಎದ್ದು, ಕೇಳುವ ಕಡೆಗೆ ಬಂದು ಕೂತು, ನಾನು ಹೊಡೆಯುತ್ತೇನೆಯೇ ಎಂದು ಕೇಳಿದರು.

ಇಲ್ಲ ಸರ್ ಎಂದೆ. ನನ್ನ ದನಿ ನನಗೇ ಚೆನ್ನಾಗಿ ಕೇಳಿಸಿತು.

ಅವರು ತಲೆಯಾಡಿಸಿ, ನೆಲದ ಮೇಲೆ ಪುಸ್ತಕ ಹರಡಿಕೊಂಡು ಗುಣಾಕಾರ ಮಾಡುತ್ತಿದ್ದ ನನ್ನ ಮಗಳು ನಾಹಿದಳ ಕಡೆ ತಿರುಗಿದರು. ಹನ್ನೊಂದು ವರ್ಷ ಅವಳಿಗೆ. ಅಬ್ಬಾ ಹೊಡೆಯುತ್ತಾರೇನವಾ ಎಂದು ಕೇಳಿದರು. ಅವಳು ಮೊದಲು ನನ್ನನ್ನು ನೋಡಿದಳು, ಆಮೇಲೆ ತಾಯಿಯನ್ನು. ನನ್ನನ್ನು ಉಳಿಸುವಂಥ ಒಂದು ನಿಜವನ್ನು ಹುಡುಕುತ್ತಿದ್ದಳು ಎಂದು ನನಗೆ ಗೊತ್ತಾಯಿತು.

“ನಿನ್ನಿ ಹೊಡದಿಲ್ರಿ,” ಎಂದಳು.